ಸಂಕಮ್ಮ ಕೊಡದ ಭಾಷೆ

ಕನ್ನಡದ ‘ಕಾಯು’ ಎಂಬ ಮಾತು ನನಗೆ ಬಹಳ ದಿನದಿಂದ ಕುತೂಹಲ ಹುಟ್ಟಿಸಿದೆ. ಬಸ್ಸಿಗೆ ಕಾಯುತ್ತೇವೆ, ಫಲಿತಾಂಶಕ್ಕೆ ಕಾಯುತ್ತೇವೆ. ಹಂದಿ ಬಾರದಂತೆ ರಾತ್ರಿಯೆಲ್ಲ ಹೊಲ ಕಾಯುತ್ತೇವೆ. ಕಷ್ಟ ಬಂದಾಗ ‘ಕಾಯಪ್ಪಾ ಮಾದಪ್ಪಾ’ ಎನ್ನುತ್ತೇವೆ. ನಾವು ಮಾಡುವ ನಿರೀಕ್ಷೆಗೂ ದೇವರು ಮಾಡಬೇಕಾದ ರಕ್ಷಣೆಗೂ ಒಂದೇ ಕ್ರಿಯಾಪದ. ನಾವು ಕಾಯುತ್ತೇವೆ, ಅವನು ಕಾಯುತ್ತಾನೆ. ಈ ಎರಡು ಕಾಯುವಿಕೆಗಳ ನಡುವೆ ಏನಿರುತ್ತದೆ ಎಂಬುದೇ ಈ ಬರಹದ ಪ್ರಶ್ನೆ.

ಅದನ್ನು ಕೇಳಿಕೊಳ್ಳಲು ಕೊಳ್ಳೇಗಾಲ, ಹನೂರು, ಯಳಂದೂರುಗಳಷ್ಟು ಒಳ್ಳೆಯ ಜಾಗ ಕಡಿಮೆ. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ನಡುವೆ ಮಳೆಯನ್ನು ನಂಬಿದ ಹೊಲಗಳು. ಇಂದು ಮೂರೂ ಚಾಮರಾಜನಗರ ಜಿಲ್ಲೆಯಲ್ಲಿವೆ. ಆದರೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಹೀಗೆ ಮೈಸೂರು ಸೀಮೆಯ ಒಕ್ಕಲುಗಳ ಮನೆದೇವರಾದ ಮಾದಪ್ಪ 1956ರ ನವೆಂಬರ್ 1ರವರೆಗೆ, ಅಂದರೆ 157 ವರ್ಷ, ಗಡಿಯಾಚೆಯ ದೇವರಾಗಿದ್ದ. ಭಕ್ತರು ಗಡಿ ಹೋಗಲಿ ಎಂದು ಕಾಯಲಿಲ್ಲ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಬೆಟ್ಟ ಹತ್ತುತ್ತಲೇ ಇದ್ದರು.

ಈ ನೆಲದಿಂದ ಕಾಯುವಿಕೆಯ ಮೂರು ಪ್ರಸಂಗಗಳನ್ನು ಆರಿಸಿಕೊಂಡಿದ್ದೇನೆ. ಮೊದಲ ಎರಡು ಅರಮನೆಯವು, ಮೂರನೆಯದು ಕಾಡಿನದು.

ಮೊದಲನೆಯದು ಯಳಂದೂರಿನ ವಿಶಾಲಾಕ್ಷ ಪಂಡಿತನದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುಂಚೆ ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಕಾವಲಿನಲ್ಲಿದ್ದರು. ಯಾವಾಗ ಬಿಡುಗಡೆ, ಪಟ್ಟ ಸಿಗುವುದೋ ಇಲ್ಲವೋ, ಒಂದೂ ಗೊತ್ತಿಲ್ಲದ ಕಾಲ ಅದು. ಆಗ ಅವರ ಜೊತೆಗಿದ್ದವನು ಯಳಂದೂರಿನ ಈ ಜೈನ ಪಂಡಿತ. ನೀವು ದೊರೆಯಾದರೆ ನನ್ನನ್ನು ಪ್ರಧಾನಿಯನ್ನಾಗಿ ಮಾಡಬೇಕು ಎಂದು ಆತ ಮಾತು ಪಡೆದುಕೊಂಡಿದ್ದ ಎಂಬ ಕಥನ ಉಳಿದು ಬಂದಿದೆ. ದೊರೆ ಮಾತು ಉಳಿಸಿಕೊಂಡರು. ಪಂಡಿತ ಪ್ರಧಾನಿಯಾದ.

ಇಲ್ಲಿಗೆ ನಿಲ್ಲಿಸಿದರೆ ಇದು ‘ತಾಳಿದವನು ಬಾಳಿಯಾನು’ ಎಂಬ ಗಾದೆಗೆ ತಕ್ಕ ಕಥೆ. ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. ಆ ಆಡಳಿತದ ಹೊಸ ತೆರಿಗೆಗಳಿಗೆ ರೈತರು ತಿರುಗಿಬಿದ್ದರು. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ, ಉಳುವುದಿಲ್ಲ ಎಂದು ಸಾರಿದರು ಎಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ರೈತರ ಜೊತೆ ನಿಂತ ಜಂಗಮರ ಹತ್ಯೆಯ ಭೀಕರ ಕಥನವೂ ಅವನಲ್ಲಿದೆ. 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಅವನ ಸ್ಥಾನಕ್ಕೆ ತಿರುಮಲಾರ್ಯ ಬಂದ.

ವಿಶಾಲಾಕ್ಷನನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಸೆರೆಯಲ್ಲಿದ್ದವನ ಜೊತೆ ನಿಲ್ಲುವುದಕ್ಕೆ ಎದೆಗಾರಿಕೆ ಬೇಕು. ಆದರೂ ಅವನ ಕಾಯುವಿಕೆ ಕರಾರಿನ ಮೇಲೆ ನಿಂತದ್ದು. ಕೊನೆಗೆ ಏನು ಸಿಗಬೇಕು ಎಂಬುದು ಮೊದಲೇ ನಿಗದಿಯಾಗಿತ್ತು. ನಮ್ಮ ಬಹಳಷ್ಟು ಹರಕೆಗಳೂ ಇದೇ ಜಾತಿಯವು: ಕೆಲಸ ಆದರೆ ಮುಡಿ, ಮಗು ಆದರೆ ತೊಟ್ಟಿಲು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕರಾರಿನ ಸಹನೆಗೆ ಒಂದು ಮಿತಿ ಇದೆ. ಫಲ ಸಿಕ್ಕ ದಿನ ಅದರ ಕೆಲಸ ಮುಗಿಯುತ್ತದೆ, ಆಮೇಲೆ ಹೇಗೆ ಬದುಕಬೇಕು ಎಂಬುದನ್ನು ಅದು ಕಲಿಸುವುದಿಲ್ಲ.

ಎರಡನೆಯವಳು ಸಂಚಿ ಹೊನ್ನಮ್ಮ. ಅದೇ ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿಯೂ ಯಳಂದೂರಿನವಳು. ಅವಳ ಜೊತೆ ಅರಮನೆಗೆ ಬಂದು ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಗಂಡನ ಮನೆಯಲ್ಲಿ ಹೇಗೆ ತಾಳಿಕೊಳ್ಳಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಅದು ವಿವರವಾಗಿ ಹೇಳುತ್ತದೆ. ಇಂದಿನ ವಿದ್ಯಾರ್ಥಿನಿಯರಿಗೆ ಅದರ ಬಹುಭಾಗ ಓದುವಾಗ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಆದರೆ ಆ ಪುಸ್ತಕದ ಒಳಗೇ ಒಂದು ಕಡೆ ಕವಯಿತ್ರಿ ತಿರುಗಿ ನಿಂತು, ಹೆತ್ತವಳೂ ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವವರಿಗೆ ಕಣ್ಣಿಲ್ಲವೇ ಎಂಬ ಅರ್ಥದಲ್ಲಿ ಕೇಳುತ್ತಾಳೆ. ಸಹನೆಯ ಪಾಠ ಹೇಳುತ್ತಿರುವವಳ ಸಹನೆಯೂ ಅಲ್ಲಿ ಒಂದು ಕ್ಷಣ ಬಿರಿಯುತ್ತದೆ. ನನಗೆ ಆ ಬಿರುಕು ಮುಖ್ಯ. ಸಹನೆಯನ್ನು ಯಾರು, ಯಾರಿಗೆ ಬೋಧಿಸುತ್ತಾರೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಆ ಪ್ರಶ್ನೆಗೆ ಉತ್ತರ ಸಿಗುವುದು ಅರಮನೆಯಿಂದ ದೂರ, ಹನೂರಿನ ಆಚೆಯ ಮಲೆಯಲ್ಲಿ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವಿದೆ. ಸಾಲು ಎಂದರೆ ಕಾವ್ಯದ ಒಂದು ಅಧ್ಯಾಯ. ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ನಾನು ಅದನ್ನು ಮೊದಲು ಪುಸ್ತಕದಲ್ಲಿ ಓದಿದೆ, ಹಾಡಾಗಿ ಕೇಳಿದ್ದು ಆಮೇಲೆ. ಓದುವಾಗ ಪುಟ ಹಾರಿಸಬಹುದು. ಕೇಳುವಾಗ ಹಾಗಾಗದು. ಒಂದೇ ಮಾತನ್ನು ಮುಂದಿನವನು ಹಾಡಿ, ಹಿಮ್ಮೇಳದವರು ಎತ್ತಿಕೊಂಡು, ಕಂಸಾಳೆ ಒಂದು ಸುತ್ತು ಬಂದ ಮೇಲೆಯೇ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಯುವುದನ್ನು ಕುರಿತ ಕಥೆಯನ್ನು ಕಾದೇ ಕೇಳಬೇಕು.

ಹಾಡುವವರಿಂದ ಹಾಡುವವರಿಗೆ ವಿವರ ಬದಲಾದರೂ ಕಥೆಯ ನಡುಗಂಬ ಹೀಗಿದೆ. ಸೋಲಿಗರ ನೀಲೇಗೌಡ ಜೇನು ಬೇಟೆಗೆಂದು ದೂರದ ಮಲೆಗೆ ಹೊರಟು ನಿಲ್ಲುತ್ತಾನೆ. ತಿಂಗಳುಗಟ್ಟಲೆ ಬರುವುದಿಲ್ಲ. ಹೆಂಡತಿ ಸಂಕಮ್ಮನಿಗೆ ಮಕ್ಕಳಿಲ್ಲ. ಹೋಗುವ ಮುಂಚೆ ಅವನು ಅವಳ ಕೈಯಿಂದ ಭಾಷೆ ಕೇಳುತ್ತಾನೆ: ನಾನು ಬರುವವರೆಗೆ ಶುದ್ಧಳಾಗಿರುತ್ತೇನೆ ಎಂದು ಕೈಮೇಲೆ ಕೈ ಇಟ್ಟು ಆಣೆ ಮಾಡು. ಸಂಕಮ್ಮ ಒಪ್ಪುವುದಿಲ್ಲ. ಧಾರೆ ಎರೆಸಿಕೊಂಡ ದಿನವೇ ಇರಬೇಕಾದ ನಂಬಿಕೆಯನ್ನು ಈಗ ಹೊಸದಾಗಿ ಯಾಕೆ ಕೇಳುತ್ತೀಯ ಎಂಬುದು ಅವಳ ನಿಲುವು. ಅವನು ಹಿಂಸಿಸುತ್ತಾನೆ. ಅವಳು ಕೈ ಕೊಡುವುದಿಲ್ಲ. ಕೊನೆಗೆ ಕಾಡಿನ ಗುಡ್ಲಿನಲ್ಲಿ ಅವಳನ್ನು ಕಟ್ಟಿಹಾಕಿ, ಮಾಟದ ಕಾವಲು ಇಟ್ಟು ಹೊರಟುಹೋಗುತ್ತಾನೆ.

ಅಲ್ಲಿ ಅವಳು ಕಾಯುತ್ತಾಳೆ. ನೆರವಿಗೆ ತವರಿಲ್ಲ, ನೆರೆಯಿಲ್ಲ. ಇರುವುದು ಮಾದೇವನ ಹೆಸರೊಂದೇ. ಆ ಕೂಗು ಕೇಳಿ ಮಾದಪ್ಪ ಜಂಗಮನ ವೇಷದಲ್ಲಿ ಬರುತ್ತಾನೆ, ಕಟ್ಟು ಬಿಚ್ಚುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಅಷ್ಟಕ್ಕೆ ಕಷ್ಟ ತೀರುವುದಿಲ್ಲ. ನೀಲೇಗೌಡ ಮರಳಿ ಬಂದು ಮತ್ತೆ ಸಂದೇಹಪಟ್ಟು ಪರೀಕ್ಷೆ ಒಡ್ಡುತ್ತಾನೆ. ಅವಳು ಗೆಲ್ಲುತ್ತಾಳೆ. ಹುಟ್ಟಿದ ಅವಳಿಗಳಾದ ಕಾರಯ್ಯ, ಬಿಲ್ಲಯ್ಯರು ಮಾದಪ್ಪನ ಶಿಶುಮಕ್ಕಳಾಗುತ್ತಾರೆ. ಇಂದಿಗೂ ಬೆಟ್ಟದ ಪದಗಳಲ್ಲಿ ಅವರ ಹೆಸರಿದೆ.

ಹದಿಬದೆಯ ಧರ್ಮದ ಲೆಕ್ಕದಲ್ಲಿ ಸಂಕಮ್ಮ ಗಂಡನ ಮಾತು ಮೀರಿದವಳು. ಆದರೆ ಈ ಕಾವ್ಯದಲ್ಲಿ ದೇವರು ಬಂದದ್ದು ಅವಳ ಗುಡ್ಲಿಗೆ. ಆಣೆ ಕೇಳಿದವನ ಪರವಾಗಿ ಅವನು ನಿಲ್ಲಲಿಲ್ಲ. ಈ ಕಥೆಯಿಂದ ನನಗೆ ತಿಳಿದದ್ದು ಇಷ್ಟು: ಭಾಷೆ ಬೇರೆ, ನಂಬಿಕೆ ಬೇರೆ. ನಂಬಿಕೆ ಇಲ್ಲದ ಕಡೆ ಭಾಷೆ ಬೇಕಾಗುತ್ತದೆ. ನೀಲೇಗೌಡನಿಗೆ ಕಾಯುವ ತಾಳ್ಮೆ ಇರಲಿಲ್ಲ, ಅದಕ್ಕೇ ಖಾತರಿ ಬೇಕಾಯಿತು. ಸಂಕಮ್ಮ ಗಂಡನಿಗೆ ಭಾಷೆ ಕೊಡಲಿಲ್ಲ, ದೇವರಿಂದಲೂ ಮೊದಲೇ ಭಾಷೆ ಕೇಳಲಿಲ್ಲ. ಅವಳ ಸಹನೆಯೊಳಗೆ ಒಂದು ನಿರಾಕರಣೆ ಇತ್ತು. ಅನ್ಯಾಯಕ್ಕೆ ಕೈ ಕೊಡದೆ, ದೇವರ ಕೈ ಬಿಡದೆ ಕಾದಳು.

ಮಾದಪ್ಪನ ಕಥೆಯಲ್ಲೇ ಇದಕ್ಕೆ ಹಿನ್ನೆಲೆಯಿದೆ. ಬೆಟ್ಟಕ್ಕೆ ಬರುವ ಮುಂಚೆ ಅವನು ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಿದ್ದ ಎಂದು ಪರಂಪರೆ ಹೇಳುತ್ತದೆ. ಬೀಸುಕಲ್ಲಿನ ಗೂಟ ಹಿಡಿದು ಕೂತ ದೇವರು! ರಾಗಿ ಬೀಸಿದವರಿಗೆ ಗೊತ್ತು, ಅದರಲ್ಲಿ ಅವಸರ ನಡೆಯುವುದಿಲ್ಲ. ತಾನೇ ಕಾದು ಬಲ್ಲ ದೇವರು ಮಾತ್ರ ಕಾಯುವವರ ಕೂಗು ಕೇಳಿಸಿಕೊಂಡಾನು ಎಂದು ಹಾಡು ಕಟ್ಟಿದವರು ಅಂದುಕೊಂಡಿರಬೇಕು.

ಇದು ಬರೀ ಕಾವ್ಯದ ಮಾತು ಎನ್ನುವವರು ನೀಲೇಗೌಡನ ಜೇನಿನ ಹಿಂದೆ ಬಿಳಿಗಿರಿರಂಗನ ಬೆಟ್ಟಕ್ಕೆ ಬರಬೇಕು. ಅಲ್ಲಿಯ ಸೋಲಿಗರಿಗೆ ರಂಗನಾಥ ಭಾವ. ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದವನು ಎಂಬ ಸಲಿಗೆ. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಮರವೇ ಅವರಿಗೆ ದೇವರು. ಒಂದೊಂದು ಕುಲದ ಎಲ್ಲೆಯೊಳಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇವೆ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾದಾಗ ಒಳಗಿನ ಪೋಡುಗಳಿಂದ ಅವರನ್ನು ಹೊರತಂದರು. ಕುಮರಿ ಬೇಸಾಯ ನಿಂತಿತು, ಬೇಟೆ ನಿಂತಿತು. ಮುಂದೆ 2000ದ ದಶಕದಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಆಯುವುದಕ್ಕೂ ನಿಷೇಧ ಬಂತು. ದೇವರಿದ್ದ ಕಾಡಿಗೆ ಅಪ್ಪಣೆ ಕೇಳಿ ಹೋಗಬೇಕಾದ ಸ್ಥಿತಿ.

ಆ ವರ್ಷಗಳನ್ನು ಸೋಲಿಗರು ಹೇಗೆ ಕಳೆದರು ಎಂಬುದನ್ನು ಗಮನಿಸಬೇಕು. ಪೂಜೆ ಬಿಡಲಿಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಮಕ್ಕಳು ಓದಿದರು. ಸಂಘ ಕಟ್ಟಿದರು. ಹಿರಿಯರು ಕಾಡಿನಲ್ಲಿ ನಡೆದು ತೋರಿಸಿದ ದೇವರ ಜಾಗಗಳನ್ನು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ನಕ್ಷೆಗೆ ಇಳಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಗ್ರಾಮಸಭೆಗಳಲ್ಲಿ ಅರ್ಜಿ ಸಿದ್ಧಪಡಿಸಿದರು. 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಎಲ್ಲ ಮುಗಿಯಿತು ಅನ್ನಿಸುವ ಹೊತ್ತು ಅದು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 1974ರಿಂದ ಎಣಿಸಿದರೆ 37 ವರ್ಷ. ನಡುವೆ ಎಷ್ಟೋ ಹಿರಿಯರು ಅದನ್ನು ನೋಡದೆಯೇ ಹೋದರು. ಹಕ್ಕುಪತ್ರದ ಮೇಲಿನ ಕೆಲಸ ಇಂದಿಗೂ ಪೂರ್ತಿ ಮುಗಿದಿಲ್ಲ.

ಇಲ್ಲಿ ಸುಲಭದ ಮಾತು ಹೇಳಲು ನನಗೆ ಇಷ್ಟವಿಲ್ಲ. ‘ದೇವರಿದ್ದಾನೆ, ತಾಳಿಕೋ’ ಎಂಬ ಮಾತನ್ನು ಕಾಯಿಸುವವನೇ ಹೇಳಿದರೆ ಅದು ನೀಲೇಗೌಡನ ಕಟ್ಟು. ಕಾಯುವವಳೇ ತನಗೆ ತಾನು ಹೇಳಿಕೊಂಡರೆ ಅದು ಬೇರೆ ಮಾತು. ಕಾದವರಿಗೆಲ್ಲ ಫಲ ಸಿಗುತ್ತದೆ ಎಂದೂ ಇತಿಹಾಸ ಹೇಳುವುದಿಲ್ಲ. 2002ರ ಆಗಸ್ಟ್ 25ರಂದು ಹನೂರು ಬಳಿಯ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಅಪಹರಿಸಿದಾಗ ಈ ಸೀಮೆ ಉಸಿರು ಬಿಗಿಹಿಡಿದು ಕಾಯಿತು. ಡಿಸೆಂಬರ್ 8ರಂದು ಸಿಕ್ಕಿದ್ದು ಅವರ ಶವ. ಆ ತಿಂಗಳುಗಳ ಪ್ರಾರ್ಥನೆ ಏನಾಯಿತು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಮರುವರ್ಷದ ಶಿವರಾತ್ರಿಗೂ ಜನ ಅದೇ ದಾರಿಯಲ್ಲಿ ಬೆಟ್ಟಕ್ಕೆ ನಡೆದರು ಎಂಬುದಷ್ಟೇ ಗೊತ್ತು.

ನಾನೂ ಒಂದು ಆದೇಶಪತ್ರಕ್ಕಾಗಿ ಎರಡು ವರ್ಷ ಕಾದವನು. ಮೊದಲ ವರ್ಷ ವಿಶಾಲಾಕ್ಷ ಪಂಡಿತನ ಹಾಗೆ ದೇವರ ಜೊತೆ ಕರಾರು ಮಾಡಿಕೊಂಡೇ ಕಾದೆ. ತಡವಾದಷ್ಟೂ ಸಿಟ್ಟು ಹೆಚ್ಚಿತು. ಎರಡನೆಯ ವರ್ಷ ಅಂಚೆಯವನ ದಾರಿ ನೋಡುತ್ತಾ ಕೂರುವುದನ್ನು ಬಿಟ್ಟು, ಓದುವುದಿದ್ದದ್ದನ್ನು ಓದಿದೆ. ಮನೆಯವರ ಜೊತೆ ಹೊಲಕ್ಕೆ ಹೋದೆ. ಅಲ್ಲಿ ಮೋಡ ನೋಡಿ ರಾಗಿ ಬಿತ್ತುವಾಗ ಯಾರೂ ಮಳೆಯಿಂದ ಭಾಷೆ ಪಡೆದುಕೊಂಡಿರಲಿಲ್ಲ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬೀಜವೂ ಹೋಯಿತು. ಆದರೂ ಉತ್ತು, ಗೊಬ್ಬರ ಹಾಕಿ, ಕೈತುಂಬ ಬೀಜ ಹಿಡಿದು ನಿಲ್ಲುತ್ತಿದ್ದರು. ‘ಮಳೆ ನಂಬಿ ಬಿತ್ತುವುದು’ ಎಂದು ನಮ್ಮ ಕಡೆ ಇದಕ್ಕೇ ಹೇಳುತ್ತಾರೆ.