ಮಂಡಿ ಆಪರೇಷನ್ ಆದಮೇಲಿನ ಬಾಣಂತನ ಯಾರದು?

ಹೆರಿಗೆ ಆದಮೇಲೆ ಏನು ಮಾಡಬೇಕು ಅನ್ನೋದನ್ನು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಷ್ಟು ತಿಂಗಳು ತವರಲ್ಲಿರಬೇಕು, ಯಾರು ನೀರು ಹಾಕಬೇಕು, ಏನು ಉಣ್ಣಿಸಬೇಕು, ಎಲ್ಲಕ್ಕೂ ಒಂದು ಲೆಕ್ಕ ಇದೆ. ಅದಕ್ಕೆ ಬಾಣಂತನ ಅಂತ ಹೆಸರೂ ಇದೆ.

ಅದೇ ಹೆಂಗಸು ಅರವತ್ತು ದಾಟಿ, ಮಂಡಿ ಸವೆದು, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರೆ? ಆರೈಕೆ ಯಾರದು ಅನ್ನೋದಕ್ಕೆ ಲೆಕ್ಕವೂ ಇಲ್ಲ, ಹೆಸರೂ ಇಲ್ಲ. ತವರಲ್ಲಿ ಅಮ್ಮ ಇರುವುದಿಲ್ಲ. ಮಗಳು ಗಂಡನ ಮನೆಯಲ್ಲಿ, ಮಗ ಕೆಲಸದಲ್ಲಿ. ಕೊನೆಗೆ ಪಕ್ಕದಲ್ಲಿ ಉಳಿಯುವವರು ಗಂಡ.

ಇದು ನಮ್ಮ ಅಜ್ಜ ಅಜ್ಜಿಗೆ ಇರದಿದ್ದ ಪ್ರಶ್ನೆ. ಯಾಕೆಂದರೆ ಈ ಆಪರೇಷನ್ನೇ ಹೊಸದು. ಅದು ಎಲ್ಲಿಂದ ಬಂತು, ಅದರ ಆರೈಕೆ ಆಸ್ಪತ್ರೆಯಿಂದ ನಮ್ಮ ಮನೆಗೆ ಹೇಗೆ ದಾಟಿತು ಅನ್ನೋದೇ ಈ ಬರಹ.

ಆನೆದಂತದಿಂದ ಶುರುವಾದ ಕಥೆ

ಮೊದಲು ಒಂದು ಮಾತು. ನಾವು "ಮಂಡಿ ಚಿಪ್ಪು ಬದಲಾಯಿಸಿದರು" ಅಂತೀವಿ. ನಿಜಕ್ಕೂ ಬದಲಾಗುವುದು ಚಿಪ್ಪಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಾಲಿನ ಮೂಳೆಯ ಮೇಲ್ತುದಿ ಸವೆದಿರುತ್ತವೆ. ಆ ಸವೆದ ಮೇಲ್ಮೈಯನ್ನು ತೆಳುವಾಗಿ ಕೊಯ್ದು, ಎರಡೂ ಕಡೆ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಸವೆದ ಗಾಡಿ ಅಚ್ಚಿಗೆ ಹೊಸ ಬುಷ್ ಹಾಕಿದ ಹಾಗೆ.

ಇದನ್ನು ಮೊದಲು ಪ್ರಯತ್ನಿಸಿದವರಲ್ಲಿ ಬರ್ಲಿನ್ನಿನ ಡಾಕ್ಟರ್ ಥೆಮಿಸ್ಟೋಕ್ಲಿಸ್ ಗ್ಲುಕ್ ಒಬ್ಬರು. 1890ರಲ್ಲಿ ಅವರು ಆನೆದಂತದಲ್ಲಿ ಮಂಡಿ ಕೀಲು ಮಾಡಿಸಿ, ಕ್ಷಯರೋಗದಿಂದ ಕೀಲು ಹಾಳಾದವರಿಗೆ ಕೂರಿಸಿದರು. ಒಳಗೆ ಸೋಂಕು ಉಳಿದೇ ಇತ್ತು, ಕೀಲು ನಿಲ್ಲಲಿಲ್ಲ.

ದಾರಿ ಸಿಕ್ಕಿದ್ದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಮಂಡಿಗಿಂತ ಮೊದಲು ಸೊಂಟದ ಕೀಲಿಗೆ. ಡಾಕ್ಟರ್ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಳಸಿದರು. ಈಗ ದೋಸೆ ತವಾಕ್ಕೆ ಅಂಟದಿರಲಿ ಅಂತ ಬಳಿಯುತ್ತಾರಲ್ಲ, ಅದೇ. ಸುಮಾರು 300 ಜನಕ್ಕೆ ಹಾಕಿದ ಆ ಕೀಲುಗಳು ಕೆಲವೇ ವರ್ಷಕ್ಕೆ ಸವೆದುಹೋದವು. ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. ಟೆಫ್ಲಾನ್ ದೇಹಕ್ಕೆ ಏನು ಮಾಡುತ್ತದೆ ನೋಡೋಣ ಅಂತ ಚಾರ್ನ್ಲಿ ತಮ್ಮ ತೊಡೆಗೇ ಚುಚ್ಚಿಕೊಂಡರು.

1962ರಲ್ಲಿ ಒಬ್ಬ ಮಾರಾಟಗಾರ ಬೇರೊಂದು ಪ್ಲಾಸ್ಟಿಕ್ ತುಂಡು ತಂದುಕೊಟ್ಟ. ಅದು ಲಂಕಾಶೈರಿನ ಬಟ್ಟೆ ಮಿಲ್ಲುಗಳ ಯಂತ್ರಕ್ಕೆ ಗೇರು ಮಾಡುವ ಪಾಲಿಎಥಿಲೀನ್. ಚಾರ್ನ್ಲಿಗೆ ನಂಬಿಕೆ ಬರಲಿಲ್ಲ. ಅವರ ಕೈಕೆಳಗಿನ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಉಜ್ಜುವ ಯಂತ್ರಕ್ಕೆ ಕೊಟ್ಟು ನೋಡಿದ. ವಾರಗಟ್ಟಲೆ ಉಜ್ಜಿದರೂ ಅದು ಸವೆದದ್ದು ತೀರಾ ಕಡಿಮೆ. ಅದೇ ವರ್ಷ ನವೆಂಬರಿನಲ್ಲಿ ಆ ಪ್ಲಾಸ್ಟಿಕ್ ಮನುಷ್ಯರ ಸೊಂಟಕ್ಕೆ ಹೋಯಿತು. ಕೂರಿಸಲು ಬಳಸಿದ ಸಿಮೆಂಟು ಹಲ್ಲಿನ ಡಾಕ್ಟರರು ಬಳಸುತ್ತಿದ್ದ ಬಗೆಯದು. ಬಟ್ಟೆ ಮಿಲ್ಲಿನ ಗೇರು, ಹಲ್ಲು ಅಂಟಿಸುವ ಸಿಮೆಂಟು. ಇವೆರಡೂ ಸೇರಿ ಇವತ್ತಿನ ಆಪರೇಷನ್ ಹುಟ್ಟಿತು.

ಮಂಡಿ ಆಮೇಲೆ ಬಂತು. 1968ರಲ್ಲಿ ಫ್ರಾಂಕ್ ಗನ್‌ಸ್ಟನ್ ಅದೇ ರೈಟಿಂಗ್ಟನ್ನಿನಲ್ಲಿ ಒಂದು ಮಾದರಿ ಹಾಕಿದರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಜೊತೆಗಾರರು ತಂದ ಮಾದರಿಯ ವಂಶದ್ದೇ ಈಗ ನಾವು ನೋಡುವ ಬಹುಪಾಲು ಮಂಡಿಗಳು. ಆ ಜೊತೆಗಾರರಲ್ಲಿ ನಮ್ಮ ದೇಶದವರೊಬ್ಬರಿದ್ದರು, ಡಾಕ್ಟರ್ ಚಿತ್ತರಂಜನ್ ರಾಣಾವತ್.

ಈ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2000ದಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡಮಂಡಿಗೆ, 2001ರಲ್ಲಿ ಬಲಮಂಡಿಗೆ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದ್ದು ಇವರೇ. ಮಂಡಿ ಬದಲಾಯಿಸಬಹುದು ಅನ್ನೋದು ಅರಳಿಕಟ್ಟೆ ಮಾತಾಗಿದ್ದು ಆಗ. ಅಲ್ಲಿಯವರೆಗೆ ಮಂಡಿನೋವಿಗೆ ನಮ್ಮಲ್ಲಿದ್ದ ಉತ್ತರ ಎಣ್ಣೆ, ಕೋಲು, "ವಯಸ್ಸಾಯ್ತಲ್ಲ ಬಿಡು" ಅನ್ನೋ ಮಾತು. ಮೂಳೆ ಮುರಿದರೆ ಪುತ್ತೂರು ಕಟ್ಟು ಇತ್ತು. ಸವೆದ ಮೂಳೆಗೆ ಯಾವ ಕಟ್ಟೂ ಇರಲಿಲ್ಲ.

ವಾರಗಳಿಂದ ದಿನಗಳಿಗೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಚಾರ್ನ್ಲಿ ಕಾಲದಲ್ಲಿ ಆಪರೇಷನ್ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇಡುತ್ತಿದ್ದರು. ಎಬ್ಬಿಸುವುದು, ತೊಳೆಯುವುದು, ಕಾಲು ಮಡಿಸುವುದು, ಎಲ್ಲ ನರ್ಸುಗಳ ಕೆಲಸ. ಮನೆಗೆ ಬರುವಾಗ ರೋಗಿ ಕೋಲು ಹಿಡಿದು ನಡೆಯುತ್ತಿದ್ದರು.

1990ರ ದಶಕದಲ್ಲಿ ಡೆನ್ಮಾರ್ಕಿನ ಡಾಕ್ಟರ್ ಹೆನ್ರಿಕ್ ಕೆಹ್ಲೆಟ್ ಒಂದು ಹೊಸ ಕ್ರಮ ತಂದರು. ಹೆಚ್ಚು ದಿನ ಮಲಗಿಸಿದರೆ ಮಾಂಸಖಂಡ ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ನೋವನ್ನು ಚೆನ್ನಾಗಿ ತಗ್ಗಿಸಿ, ಬೇಗ ಉಣ್ಣಿಸಿ, ಬೇಗ ನಡೆಸಬೇಕು ಅನ್ನೋದು ಆ ಕ್ರಮ. ಅವರು ಶುರುಮಾಡಿದ್ದು ಹೊಟ್ಟೆಯ ಆಪರೇಷನ್ನುಗಳಿಗೆ. ನಂತರ ಕೀಲಿನ ಆಪರೇಷನ್ನಿಗೂ ಬಂತು. ಈಗ ಅದೇ ದಿನವೋ ಮರುದಿನವೋ ವಾಕರ್ ಕೈಗೆ ಕೊಟ್ಟು ನಿಲ್ಲಿಸುತ್ತಾರೆ. ಕೆಲವೇ ದಿನಕ್ಕೆ ಮನೆಗೆ ಕಳಿಸುತ್ತಾರೆ.

ರೋಗಿಗೆ ಇದು ನಿಜವಾಗಿ ಒಳ್ಳೆಯದು. ಆದರೆ ನರ್ಸು ವಾರಗಟ್ಟಲೆ ಮಾಡುತ್ತಿದ್ದ ಕೆಲಸ ಮಾಯವಾಗಲಿಲ್ಲ. ಅದು ಡಿಸ್ಚಾರ್ಜ್ ಚೀಟಿಯ ಜೊತೆ ಮನೆಗೆ ಬಂತು. ನರ್ಸಿಗೆ ಆ ಕೆಲಸಕ್ಕೆ ವರ್ಷಗಳ ತರಬೇತಿ ಇತ್ತು. ಗಂಡನಿಗೋ ಹೆಂಡತಿಗೋ ಸಿಗುವುದು ಡಿಸ್ಚಾರ್ಜ್ ಕೌಂಟರಿನಲ್ಲಿ ಹತ್ತು ನಿಮಿಷದ ಮಾತು.

ಮಾಗಡಿ ರಸ್ತೆ, ಮೈಸೂರು ರಸ್ತೆ

ಮಾಗಡಿ, ಕುಣಿಗಲ್, ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ಬೆಂಗಳೂರು ಅಂದರೆ ಮೊದಲು ಸಿಗುವುದು ಪಶ್ಚಿಮ ಬೆಂಗಳೂರು. ಮೈಸೂರು ರಸ್ತೆಯಲ್ಲಿ ಕೆಂಗೇರಿ, ಮಾಗಡಿ ರಸ್ತೆಯ ಆಚೀಚೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ. ಈ ಭಾಗ ಬೆಳೆದದ್ದೇ ಕೆಲಸಗಾರರಿಂದ. ಮಾಗಡಿ ರಸ್ತೆಯ ಹತ್ತಿರ, ಈಗ ಮುಚ್ಚಿಹೋಗಿರುವ ಬಿನ್ನಿ ಮಿಲ್ಲಿನ ಮಗ್ಗಗಳ ಮುಂದೆ ದಿನವಿಡೀ ನಿಂತು ಮಂಡಿ ಸವೆಸಿಕೊಂಡವರು ಎಷ್ಟೋ ಜನ. ಅಂಥದ್ದೇ ಮಗ್ಗಗಳ ಗೇರಿನ ಪ್ಲಾಸ್ಟಿಕ್ ಒಂದು ದಿನ ಮನುಷ್ಯರ ಕೀಲಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆ ಕೆಲಸಗಾರರ ಕಾಲದ ಒಂದು ದೊಡ್ಡ ಆಸ್ತಿ ಇನ್ನೂ ಉಳಿದಿದೆ, ರಾಜಾಜಿನಗರದ ಇಎಸ್ಐ ಆಸ್ಪತ್ರೆ. 1948ರ ಇಎಸ್ಐ ಕಾಯ್ದೆ ಕೆಲಸಗಾರರ ಜೊತೆಗೆ ಅವರ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ನಿಮ್ಮ ಮಗನೋ ಮಗಳೋ ಪೀಣ್ಯದಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲೋ ದುಡಿಯುತ್ತಿದ್ದು, ಸಂಬಳದಲ್ಲಿ ಇಎಸ್ಐ ಹಿಡಿಯುತ್ತಿದ್ದರೆ, ಅವರನ್ನೇ ನೆಚ್ಚಿಕೊಂಡ ತಂದೆತಾಯಿಯ ಹೆಸರು ಕಾರ್ಡಿನಲ್ಲಿ ಇದೆಯಾ ಅಂತ ಇವತ್ತೇ ಕೇಳಿ ನೋಡಿ.

ದುಡ್ಡಿನ ಕಥೆಯಲ್ಲೂ ಈ ಭಾಗದ ನಂಟಿದೆ. 2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರ ಮಂಡಿ ಕೀಲಿಗೆ ಗರಿಷ್ಠ ಬೆಲೆ ಕಟ್ಟಿತು. ಘೋಷಿಸಿದವರು ಆಗಿನ ರಸಗೊಬ್ಬರ ಸಚಿವ ಅನಂತಕುಮಾರ್. ವಿಜಯನಗರ, ಗೋವಿಂದರಾಜನಗರ ಸೇರುವ ಬೆಂಗಳೂರು ದಕ್ಷಿಣದ ಸಂಸದರಾಗಿದ್ದರು ಅವರು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿನ ಸರಾಸರಿ ಬೆಲೆ ಅದಕ್ಕೆ ಮೊದಲು 1,58,324 ರೂಪಾಯಿ. ಆಗ ಕಟ್ಟಿದ ಹೊಸ ಮಿತಿ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅದು ಕೀಲಿಗೆ ಮಾತ್ರ. ಡಾಕ್ಟರ್ ಫೀಸು, ರೂಮು, ಔಷಧಿ ಬೇರೆ. ಬಿಲ್ಲಿನಲ್ಲಿ ಕೀಲಿನ ಬೆಲೆ ಬೇರೆಯಾಗಿ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಇದೆ. ಬಿಪಿಎಲ್ ಕಾರ್ಡಿನವರು ದಿನ ಗೊತ್ತುಮಾಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಖಾಸಗಿಯಲ್ಲಿ ಆಪರೇಷನ್ ಆದಮೇಲೆ ಕಾರ್ಡು ತೋರಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಬೆಲೆ ಇಳಿಯಿತು, ಆದರೆ ಮನೆ ಮೆಟ್ಟಿಲು ಇಳಿಯಲಿಲ್ಲ. ಊರಿನಿಂದ ಬಂದವರು ಉಳಿಯುವುದು ಮಕ್ಕಳ ಬಾಡಿಗೆ ಮನೆಯಲ್ಲಿ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಎದ್ದ ಮೂರು ಮಹಡಿ, ಹೊರಗಿನಿಂದ ಕಡಿದಾದ ಮೆಟ್ಟಿಲು, ಲಿಫ್ಟ್ ಇಲ್ಲ. ಹೊಸ ಮಂಡಿಯ ಮೊದಲ ಪರೀಕ್ಷೆ ಅಲ್ಲೇ. ಒಂದು ಅನುಕೂಲ ಅಂದರೆ ಮೆಟ್ರೊ. 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಬಂತು. ಸ್ಟೇಷನ್ನಿನಲ್ಲಿ ಲಿಫ್ಟ್ ಇರುತ್ತದೆ. ನಡೆಯಬಹುದು ಅಂತ ಡಾಕ್ಟರ್ ಹೇಳಿದಮೇಲೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಚೆಕಪ್ಪಿಗೆ ಹೋಗಿಬರಲು ಬಸ್ಸಿಗಿಂತ ಅದು ವಾಸಿ.

ಗಂಡನ ಕೈಗೆ ಬಂದ ಕೆಲಸ

ಮಂಡಿ ಸವೆತ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಾಗಾಗಿ ಈ ಆಪರೇಷನ್ನು ಮನೆಯ ಲೆಕ್ಕವನ್ನೇ ತಿರುಗಿಸುತ್ತದೆ. ನಲವತ್ತು ವರ್ಷ ಅನ್ನ ಹಾಕಿದವಳು ಮಲಗುತ್ತಾಳೆ, ಒಲೆ ಹಚ್ಚಿ ಗೊತ್ತಿಲ್ಲದವನು ನಿಲ್ಲಬೇಕು. ರೋಗಿ ಗಂಡನಾದರೆ ಹೆಂಡತಿ ಇದನ್ನೆಲ್ಲ ಸದ್ದಿಲ್ಲದೆ ಮಾಡುತ್ತಾಳೆ. ಅದನ್ನು ಕೆಲಸ ಅಂತಲೂ ಯಾರೂ ಕರೆಯುವುದಿಲ್ಲ.

ಪ್ರೀತಿಯಿಂದಲೇ ಆಗುವ ತಪ್ಪುಗಳಿವೆ. ನೋವು ಅಂದಳು ಅಂತ ಮಂಡಿ ಕೆಳಗೆ ದಿಂಬು ಇಡುತ್ತಾರೆ. ಹಾಯಾಗುತ್ತದೆ ನಿಜ, ಆದರೆ ಮಂಡಿ ಬಾಗಿದಲ್ಲೇ ಗಟ್ಟಿಯಾಗಿ ಕಾಲು ನೆಟ್ಟಗಾಗದೆ ಹೋಗಬಹುದು. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗೆ. ಅಯ್ಯೋ ಪಾಪ ಅಂತ ವ್ಯಾಯಾಮ ಬಿಡಿಸುತ್ತಾರೆ. ಮೊದಲ ಆರು ವಾರ ಮಂಡಿ ಬಗ್ಗಿಸಿ ನೆಟ್ಟಗೆ ಮಾಡದಿದ್ದರೆ ಆಮೇಲೆ ಅದು ತುಂಬಾ ಕಷ್ಟ. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ವ್ಯಾಯಾಮ ಮಾಡಿಸಿ. ಆಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ.

ಬಾಣಂತನದ ರೂಢಿಗಳನ್ನು ಇಲ್ಲಿಗೆ ತರಬೇಡಿ. ಹೊಲಿಗೆಯ ಮೇಲೆ ಎಣ್ಣೆ, ಸೊಪ್ಪು, ಅರಿಶಿನ ಬೇಡ. ನೀರು ಕಡಿಮೆ ಕೊಡುವುದು ಬೇಡ. ಪಥ್ಯ ಅಂತ ಕಾಳು, ಮೊಟ್ಟೆ, ಮೊಸರು ಬಿಡಿಸಬೇಡಿ, ಗಾಯ ಮಾಯಲು ಬೇಕಾಗಿರುವುದೇ ಅವು. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಯಲ್ಲಿರಬೇಕು, ಇಲ್ಲದಿದ್ದರೆ ಸೋಂಕಿನ ಭಯ ಹೆಚ್ಚು.

ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನೆಲದ ಕಕ್ಕಸು ಬೇಡ. ಕಮೋಡ್ ಕುರ್ಚಿ ಮೊದಲೇ ತಂದಿಡಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇರಲಿ, ಚಾಪೆ, ಗೋಣಿತಾಟು ಇರಬಾರದು.

ಮೀನಖಂಡ ಊದಿ ನೋಯುವುದು, ಜ್ವರ, ಹೊಲಿಗೆಯಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ.

ಇನ್ನೊಂದು ವಿಷಯ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಗಂಡನ ಕೈಲಿ ಸ್ನಾನ ಮಾಡಿಸಿಕೊಳ್ಳಲು, ಕಕ್ಕಸಿಗೆ ಕರೆದೊಯ್ಯಿಸಿಕೊಳ್ಳಲು ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ನಾಚಿಕೆ. ಹೇಳಲಾರದೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಇಲ್ಲವೇ ಯಾರನ್ನೂ ಕರೆಯದೆ ಎದ್ದು ಬೀಳುತ್ತಾರೆ. ಮೊದಲ ಹದಿನೈದು ದಿನಕ್ಕೆ ತಂಗಿಯೋ ಮಗಳೋ ಬರಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಯಾರೂ ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೇ ಕೂತು ಬಾಯಿಬಿಟ್ಟು ಮಾತಾಡಿಕೊಳ್ಳಿ. ಎರಡು ಮೂರನೇ ವಾರದಲ್ಲಿ ನಿದ್ದೆ ಬಾರದೆ, "ಯಾಕಾದರೂ ಮಾಡಿಸಿಕೊಂಡೆನೋ" ಅಂತ ಅವಳು ಅಳಬಹುದು. ಅದು ಬಹಳ ಜನಕ್ಕೆ ಆಗುತ್ತದೆ. ಆಗ ಬೈಯುವುದೂ ಬೇಡ, ಬುದ್ಧಿ ಹೇಳುವುದೂ ಬೇಡ. ಮೂರು ತಿಂಗಳ ಹೊತ್ತಿಗೆ ಹೆಚ್ಚಿನವರು ಮನೆಕೆಲಸಕ್ಕೆ ಮರಳುತ್ತಾರೆ. ಪೂರ್ತಿ ಪಳಗಲು ವರ್ಷವೇ ಬೇಕಾಗಬಹುದು.

ಹಸು ಕರೆಯುವವರು ಯಾರು?

ನಮ್ಮೂರುಗಳಲ್ಲಿ ಎಷ್ಟೋ ಹೆಂಗಸರು ಐದು ಹತ್ತು ವರ್ಷ ಈ ಆಪರೇಷನ್ ಮುಂದೂಡುತ್ತಾರೆ. ದುಡ್ಡು ಒಂದು ಕಾರಣ, ಭಯ ಒಂದು ಕಾರಣ. ಕೇಳಿದರೆ ಅವರು ಮೊದಲು ಹೇಳುವುದು ಬೇರೆಯೇ: "ನಾನು ಮಲಗಿದರೆ ಹಸು ಕರೆಯೋರು ಯಾರು?" ಡೈರಿಗೆ ಎರಡು ಹೊತ್ತೂ ಹಾಲು ಹಾಕಲೇಬೇಕು. ರೇಷ್ಮೆಹುಳ ಮೇಯಿಸುವ ಮನೆಯಲ್ಲಿ ಸೊಪ್ಪು ಒಂದು ಹೊತ್ತೂ ತಪ್ಪುವಂತಿಲ್ಲ. ಅಷ್ಟು ದಿನ ಸವೆದ ಮಂಡಿಯಲ್ಲೇ ನಡೆದರೆ ಕಾಲು ಸೊಟ್ಟಗಾಗುತ್ತದೆ, ತೊಡೆಯ ಬಲ ಹೋಗುತ್ತದೆ. ಆಮೇಲೆ ಆಪರೇಷನ್ ಮಾಡಿಸಿದರೂ ಚೇತರಿಕೆ ನಿಧಾನ.

ಬಾಣಂತನಕ್ಕೆ ಮನೆಯವರು ಏಳನೇ ತಿಂಗಳಿಂದಲೇ ತಯಾರಾಗುತ್ತಾರೆ. ಇದಕ್ಕೂ ಹಾಗೇ ಆಗಬೇಕು. ಹುಳದ ಬೆಳೆ ಮುಗಿದ ಮೇಲಿನ ದಿನ ಹುಡುಕಿ. ಮೂರು ತಿಂಗಳು ಹಸು ಯಾರು ನೋಡಿಕೊಳ್ಳುತ್ತಾರೆ, ಇಲ್ಲ ಒಂದನ್ನು ಮಾರಬೇಕಾ, ತೀರ್ಮಾನ ಮಾಡಿ. ಗಂಡ ಆದವನು ಅನ್ನ, ಸಾರು, ಮುದ್ದೆ ಮಾಡುವುದನ್ನು ಒಂದು ತಿಂಗಳು ಮೊದಲೇ ಕಲಿಯಲಿ. ಹೇಳಿಕೊಡಲು ಆಗ ಅವಳೇ ಒಲೆ ಪಕ್ಕದಲ್ಲಿ ಇರುತ್ತಾಳೆ. ಇಷ್ಟು ಗೊತ್ತಾದಮೇಲೆ ಡಾಕ್ಟರ ಹತ್ತಿರ ಆಪರೇಷನ್ ದಿನ ಕೇಳಿ.