ಯೆಹೂದಿ ಹದಿಹರೆಯದವರು ಮತ್ತು ಸಿನಗಾಗ್

ಸಿನಗಾಗ್ ಎಂದರೆ ಯೆಹೂದ್ಯರು ಪ್ರಾರ್ಥನೆಗೂ ಧರ್ಮಗ್ರಂಥದ ಓದಿಗೂ ಕೂಡುವ ಜಾಗ. ಕನ್ನಡ ಬೈಬಲಿನಲ್ಲಿ ಇದಕ್ಕೆ 'ಸಭಾಮಂದಿರ' ಎಂಬ ಮಾತಿದೆ. ಹೀಬ್ರೂವಿನ 'ಬೇತ್ ಕ್ನೆಸೆತ್' ಎಂಬುದರ ಅರ್ಥವೂ ಹೆಚ್ಚುಕಡಿಮೆ ಅದೇ. ಅಲ್ಲಿ ಗರ್ಭಗುಡಿಯಿಲ್ಲ, ಅರ್ಚಕನಿಲ್ಲ. ರಬ್ಬಿ ಎನ್ನುವವನು ಶಾಸ್ತ್ರ ಬಲ್ಲ ಪಂಡಿತ. ಅವನು ಬಾರದ ದಿನವೂ ಪ್ರಾರ್ಥನೆ ನಡೆಯುತ್ತದೆ. ಮುಂದೆ ನಿಂತು ಪ್ರಾರ್ಥನೆ ನಡೆಸುವುದು, ಪೆಟ್ಟಿಗೆಯಿಂದ ಧರ್ಮಗ್ರಂಥವಾದ ತೋರಾದ ಸುರುಳಿ ಹೊರತೆಗೆಯುವುದು, ಓದುವುದು, ಓದುವವನ ತಪ್ಪು ಹಿಡಿಯುವುದು ಎಲ್ಲವೂ ಕಲಿತವರ ಪಾಲಿಗೆ ಬರುವ ಕೆಲಸಗಳು. ಹದಿಹರೆಯದವರು ಸಿನಗಾಗಿನ ಬದುಕಿನಲ್ಲಿ ಪಾಲ್ಗೊಳ್ಳುವ ದಾರಿಗಳು ಬಹುಮಟ್ಟಿಗೆ ಈ ಏರ್ಪಾಟಿನಿಂದಲೇ ಹುಟ್ಟಿವೆ.

ಹದಿಮೂರರ ಲೆಕ್ಕ

ಹಳೆಯ ಶಾಸ್ತ್ರಸಂಗ್ರಹವಾದ ಮಿಶ್ನಾದ 'ಅವೋತ್' ಭಾಗ ಮನುಷ್ಯನ ವಯಸ್ಸುಗಳನ್ನು ಪಟ್ಟಿ ಮಾಡುವಾಗ ಐದಕ್ಕೆ ಧರ್ಮಗ್ರಂಥ, ಹತ್ತಕ್ಕೆ ಮಿಶ್ನಾ, ಹದಿಮೂರಕ್ಕೆ ಆಜ್ಞೆಗಳು ಎಂದು ಗೊತ್ತುಮಾಡುತ್ತದೆ. 'ಬಾರ್ ಮಿಟ್ಸ್ವಾ' ಎಂದರೆ ಆಜ್ಞೆಗಳಿಗೆ ಬದ್ಧನಾದವನು. ಕನ್ನಡದ ಓದುಗರಿಗೆ ಇಲ್ಲಿ ಉಪನಯನದ ನೆನಪಾಗುವುದು ಸಹಜ. ಆದರೆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಮುಂಜಿಯಾಗದೆ ವಟುವಿಲ್ಲ, ಬಾರ್ ಮಿಟ್ಸ್ವಾ ಹಾಗಲ್ಲ. ಹದಿಮೂರು ತುಂಬಿದ ದಿನ ಹುಡುಗ ಮನೆಯಲ್ಲಿ ಮಲಗಿಯೇ ಇದ್ದರೂ ಶಾಸ್ತ್ರದ ಕಣ್ಣಿಗೆ ಅವನು ದೊಡ್ಡವನೇ. ಹುಡುಗಿಗೆ ಸಂಪ್ರದಾಯದ ಲೆಕ್ಕದಲ್ಲಿ ಹನ್ನೆರಡು. ಸಮಾರಂಭ ಆಮೇಲೆ ಬೆಳೆದು ಬಂದದ್ದು: 16ನೆಯ ಶತಮಾನದ ಪೋಲೆಂಡಿನ ಪಂಡಿತ ಸೊಲೊಮೊನ್ ಲೂರಿಯಾ ಬಾರ್ ಮಿಟ್ಸ್ವಾ ಔತಣದ ಬಗ್ಗೆ ಬರೆಯುವಾಗ ಅದನ್ನು ಅಶ್ಕೆನಾಜಿಗಳ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದ್ಯರ, ವಾಡಿಕೆಯಾಗಿ ಚರ್ಚಿಸುತ್ತಾನೆ.

ವಯಸ್ಸಿನ ಪರಿಣಾಮ ಎದ್ದು ಕಾಣುವುದು 'ಮಿನ್ಯಾನ್' ಎಂಬ ಹತ್ತು ಜನರ ಕೂಟದಲ್ಲಿ. ಹತ್ತು ಮಂದಿ ದೊಡ್ಡವರು ಸೇರದೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ, ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ. ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಪಂಥದಲ್ಲಿ ಈ ಹತ್ತೂ ಗಂಡಸರೇ; ಉಳಿದ ಪಂಥಗಳು ಹೆಂಗಸರನ್ನೂ ಎಣಿಸುತ್ತವೆ. ತಲೆ ಎಣಿಸುವುದು ಸಲ್ಲದೆಂಬ ನಂಬಿಕೆಯಿರುವುದರಿಂದ ಹಲವೆಡೆ ಹತ್ತು ಪದಗಳಿರುವ ಒಂದು ಕೀರ್ತನೆಯ ವಾಕ್ಯವನ್ನು ತಲೆಗೊಂದು ಪದದಂತೆ ಹೇಳುತ್ತ ಹೋಗುತ್ತಾರೆ. ದೊಡ್ಡ ಊರಿನಲ್ಲಿ ಶನಿವಾರದ ಸಬ್ಬತ್ ಸಭೆಯಲ್ಲಿ ಈ ಎಣಿಕೆ ಯಾರಿಗೂ ಬೇಕಾಗುವುದಿಲ್ಲ. ವಾರದ ನಡುವೆ, ಬೆಳಗಿನ ಚಳಿಯಲ್ಲಿ, ಒಂಬತ್ತು ಮುದುಕರು ಬಾಗಿಲು ನೋಡುತ್ತ ಕುಳಿತಿರುವಾಗ ಶಾಲೆಯ ಚೀಲ ಹೊತ್ತು ಬಂದ ಹುಡುಗನೇ ಹತ್ತನೆಯ ಪದವಾಗುತ್ತಾನೆ. ತಂದೆತಾಯಿಗಳ ಮರಣದ ನಂತರ ಹೇಳುವ ಕದ್ದೀಶ್ ಪ್ರಾರ್ಥನೆಗೂ ಮಿನ್ಯಾನ್ ಬೇಕಾದ್ದರಿಂದ, ಆ ಹುಡುಗ ಬಾರದಿದ್ದರೆ ಯಾರೋ ಒಬ್ಬರ ಕದ್ದೀಶ್ ಅಂದಿಗೆ ತಪ್ಪುತ್ತದೆ.

ತೋರಾ ಓದು

ಹದಿಹರೆಯದವರ ಪಾಲಿನ ಕೆಲಸಗಳಲ್ಲಿ ಕಠಿಣವಾದದ್ದೂ ಬಹುಕಾಲ ಉಳಿಯುವಂಥದ್ದೂ ತೋರಾ ಓದು. ಸುರುಳಿ ಚರ್ಮದ ಮೇಲೆ ಕೈಯಿಂದ ಬರೆದದ್ದು, 3,04,805 ಅಕ್ಷರಗಳು. ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಗುರುತುಗಳೂ ಇಲ್ಲ. ಕನ್ನಡವನ್ನು ಕಾಗುಣಿತವಿಲ್ಲದೆ ಬರೆದರೆ ಹೇಗಿರುತ್ತದೆಂದು ಊಹಿಸಿಕೊಳ್ಳಬಹುದು: ಕ-ಮ-ಲ ಎಂಬ ಮೂರು ಅಕ್ಷರ ಕಂಡಾಗ ಅದು ಕಮಲವೋ, ಕೋಮಲವೋ, ಕಾಮಾಲೆಯೋ ಓದುವವನಿಗೆ ಮೊದಲೇ ಗೊತ್ತಿರಬೇಕು.

ರಾಗ ಗೊತ್ತಾಗುವುದು ಪುಸ್ತಕಗಳಲ್ಲಿರುವ 'ಟಅಮೀಮ್' ಎಂಬ ಗುರುತುಗಳ ಮೂಲಕ. ಗಲಿಲಾಯದ ಟೈಬೀರಿಯಸ್ ಊರಿನ ಮಸೊರೆಟರು ಎಂಬ ಪಾಠಪಂಡಿತರು 10ನೆಯ ಶತಮಾನದ ಹೊತ್ತಿಗೆ ಈ ಪದ್ಧತಿಯನ್ನು ಪೂರ್ಣರೂಪಕ್ಕೆ ತಂದಿದ್ದರು. ಇಪ್ಪತ್ತಕ್ಕೂ ಹೆಚ್ಚು ಗುರುತುಗಳಿವೆ. ಪದದ ಮೇಲೋ ಕೆಳಗೋ ಕೂರುತ್ತವೆ. ಒಂದೊಂದೂ ಮೂರು ಕೆಲಸ ಮಾಡುತ್ತದೆ: ಒತ್ತು ಯಾವ ಅಕ್ಷರದ ಮೇಲೆ, ಪದ ಮುಂದಿನದಕ್ಕೆ ಅಂಟಿಕೊಳ್ಳುತ್ತದೋ ಬಿಡಿಯಾಗಿ ನಿಲ್ಲುತ್ತದೋ, ಅದನ್ನು ಯಾವ ರಾಗದ ತುಣುಕಿನಲ್ಲಿ ಹಾಡಬೇಕು. 'ಎತ್ನಾಹ್ತಾ' ವಾಕ್ಯವನ್ನು ನಡುವೆ ಸೀಳುತ್ತದೆ, 'ಸೋಫ್ ಪಸೂಕ್' ಮುಗಿಸುತ್ತದೆ. 'ಶಲ್ಶೆಲೆತ್' ಎಂಬ ಉದ್ದನೆಯ ಅಲುಗಾಟ ಇಡೀ ತೋರಾದಲ್ಲಿ ಬರುವುದು ನಾಲ್ಕೇ ಸಲ. ಸೊದೋಮ್ ಬಿಟ್ಟು ಹೊರಡಲು ಲೋಟನು ತಡಮಾಡುವಲ್ಲಿ ಒಮ್ಮೆ, ಒಡೆಯನ ಹೆಂಡತಿಯನ್ನು ಯೋಸೇಫನು ನಿರಾಕರಿಸುವಲ್ಲಿ ಮತ್ತೊಮ್ಮೆ. ಮನಸ್ಸಿನ ಹೊಯ್ದಾಟವೇ ರಾಗವಾಗಿದೆ ಎಂದು ವ್ಯಾಖ್ಯಾನಿಸುವವರಿದ್ದಾರೆ. ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಕಲಿಯುವ ಹುಡುಗರಿಗೆ ಈ ಗುರುತು ಬಹಳ ಇಷ್ಟ.

ಗುರುತು ಒಂದೇ ಆದರೂ ರಾಗ ಒಂದೇ ಅಲ್ಲ. ಲಿಥುವೇನಿಯಾದವರದು ಒಂದು, ಮೊರಾಕೊದವರದು ಇನ್ನೊಂದು, ಬಾಗ್ದಾದ್ ಮತ್ತು ಯೆಮೆನಿನವರದು ಬೇರೆಯೇ. ಒಂದೇ ಸಮುದಾಯದೊಳಗೂ ತೋರಾಕ್ಕೆ ಒಂದು ಧಾಟಿ, ಪ್ರವಾದಿಗಳ ಗ್ರಂಥಗಳಿಂದ ಆಯ್ದ ಹಫ್ತಾರಾ ಭಾಗಕ್ಕೆ ಮತ್ತೊಂದು, ಪೂರಿಮ್ ಹಬ್ಬದಲ್ಲಿ ಓದುವ ಎಸ್ತೇರಳ ಗ್ರಂಥಕ್ಕೆ ಮಗದೊಂದು.

ಕಲಿಕೆ ನಮ್ಮ ವೇದಪಾಠದ ಸಂಥೆಯನ್ನು ನೆನಪಿಸುವಂಥದ್ದು. ಗುರು ಹೇಳುತ್ತಾನೆ, ಶಿಷ್ಯ ಹೇಳುತ್ತಾನೆ, ತಪ್ಪಿದಲ್ಲಿ ಮತ್ತೆ ಮೊದಲಿನಿಂದ. ಅಭ್ಯಾಸಕ್ಕೆ 'ತಿಕ್ಕೂನ್' ಎಂಬ ಪುಸ್ತಕವಿದೆ. ಪುಟದಲ್ಲಿ ಎರಡು ಕಂಬ: ಒಂದರಲ್ಲಿ ಸ್ವರವೂ ರಾಗದ ಗುರುತೂ ಇರುವ ಪಾಠ, ಪಕ್ಕದಲ್ಲಿ ಸುರುಳಿಯಲ್ಲಿರುವಂತೆ ಬೋಳು ಅಕ್ಷರಗಳು. ಬೋಳು ಕಂಬ ನೋಡಿ ಓದುತ್ತ, ಸಿಕ್ಕಿಕೊಂಡಾಗ ಪಕ್ಕಕ್ಕೆ ಕಣ್ಣು ಹಾಯಿಸುತ್ತ ತಿಂಗಳುಗಟ್ಟಲೆ ತಿದ್ದಿಕೊಳ್ಳಬೇಕು. ಆದರೆ ವೇದಪಾಠಕ್ಕೂ ಇದಕ್ಕೂ ಒಂದು ಕಡೆ ಪೂರಾ ಎದುರುಬದುರು. ಅಲ್ಲಿ ಬರಹ ನೋಡಿ ಓದುವವನು ಕೀಳು. ಇಲ್ಲಿ ಬಾಯಿಪಾಠ ಒಪ್ಪಿಸುವುದೇ ನಿಷಿದ್ಧ. ರಾಗವೂ ಸ್ವರವೂ ಕಂಠಸ್ಥವಾಗಿರಬೇಕು, ಕಣ್ಣು ಮಾತ್ರ ಅಕ್ಷರ ಬಿಟ್ಟು ಕದಲಬಾರದು. ಕೈಬೆರಳು ಚರ್ಮಕ್ಕೆ ತಾಗಬಾರದೆಂದು 'ಯಾದ್' ಎಂಬ ಕಡ್ಡಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಬೆಳ್ಳಿಯದು, ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈ. ಪಕ್ಕದಲ್ಲಿ ಅಚ್ಚಿನ ಪ್ರತಿ ಹಿಡಿದು ನಿಂತ 'ಗಬ್ಬಾಯಿ' ಅರ್ಥ ಕೆಡಿಸುವ ತಪ್ಪು ಕೇಳಿದೊಡನೆ ಪದವನ್ನು ತಿದ್ದಿ ಹೇಳುತ್ತಾನೆ; ಓದುಗ ಹಿಂದಕ್ಕೆ ಹೋಗಿ ಸರಿಯಾಗಿ ಓದಬೇಕು. ಸಭೆಯೆದುರು ಹೀಗೆ ತಿದ್ದಿಸಿಕೊಳ್ಳುವುದು ಅವಮಾನವಲ್ಲ, ನಿತ್ಯದ ಸಂಗತಿ.

ಇಡೀ ತೋರಾವನ್ನು 54 ಪಾಲು ಮಾಡಿ ವರ್ಷದಲ್ಲಿ ಮುಗಿಸುತ್ತಾರೆ. ಸಬ್ಬತ್ ಬೆಳಿಗ್ಗೆ ಏಳು ಮಂದಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಈ ಕರೆಗೆ 'ಅಲಿಯಾ', ಮೇಲೇರುವುದು, ಎಂದು ಹೆಸರು. ಅವರ ಬಳಿಕ ಕೊನೆಯಲ್ಲಿ ಬರುವವನು ಕೆಲವೇ ವಾಕ್ಯಗಳ 'ಮಫ್ತೀರ್' ಭಾಗಕ್ಕೆ ಆಶೀರ್ವಚನ ಹೇಳಿ ಹಫ್ತಾರಾ ಹಾಡುತ್ತಾನೆ. ಬಾರ್ ಮಿಟ್ಸ್ವಾ ಹುಡುಗನಿಗೆ ಸಾಮಾನ್ಯವಾಗಿ ಸಿಗುವುದು ಇದೇ. ಗಟ್ಟಿಗರು ಪೂರ್ತಿ ಪಾಲನ್ನೇ ಓದುವುದುಂಟು. ನಾಸೋ ಎಂಬ ಪಾಲು ಬಿದ್ದವನ ಕಷ್ಟ ದೊಡ್ಡದು, ಅದರಲ್ಲಿ 176 ವಾಕ್ಯಗಳಿವೆ. ಸೋಮವಾರ, ಗುರುವಾರಗಳಲ್ಲಿ ಮೂವರನ್ನಷ್ಟೇ ಕರೆದು ಸ್ವಲ್ಪ ಓದುವುದರಿಂದ ಹೊಸ ಓದುಗರು ಪಳಗಲು ಆ ದಿನಗಳೇ ಒಳ್ಳೆಯವು.

ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ತನ್ನ ಪಾಲಿಗೆ ಬಂದ ಹತ್ತಿಪ್ಪತ್ತು ವಾಕ್ಯಗಳನ್ನು ಧ್ವನಿಮುದ್ರಣ ಕೇಳಿ ಗಿಣಿಪಾಠ ಮಾಡಿದವನಿಗೆ ಮುಂದಿನ ವಾರದ ಪಾಲು ಅಪರಿಚಿತವೇ. ಗುರುತುಗಳ ಪದ್ಧತಿಯನ್ನೇ ಕಲಿತವನು ಯಾವ ಪಾಲನ್ನಾದರೂ ಸಿದ್ಧಮಾಡಿಕೊಳ್ಳಬಲ್ಲ. ಸಿನಗಾಗಿಗೆ ಓದುಗರ ಕೊರತೆ ಸದಾ ಇರುವುದರಿಂದ ಎರಡನೆಯವನಿಗೆ ಮತ್ತೆಮತ್ತೆ ಕರೆ ಬರುತ್ತದೆ. ಹದಿಮೂರರ ನಂತರ ಯಾರು ಉಳಿಯುತ್ತಾರೆ, ಯಾರು ಕಣ್ಮರೆಯಾಗುತ್ತಾರೆ ಎಂಬುದಕ್ಕೆ ಕಾರಣಗಳು ಹಲವಿದ್ದರೂ, ಈ ಕೈಕಸುಬು ಅವುಗಳಲ್ಲಿ ಹಗುರವಾದದ್ದಲ್ಲ.

ಹದಿಮೂರಕ್ಕೆ ಮುಂಚೆಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಚಿಕ್ಕವನೂ ತೋರಾ ಓದಬಹುದು, ಅನುವಾದ ಹೇಳಬಹುದು ಎಂದು ಮಿಶ್ನಾ ಒಪ್ಪುತ್ತದೆ; ಈಗಿನ ಅಶ್ಕೆನಾಜಿ ಪದ್ಧತಿ ಅಷ್ಟು ಉದಾರವಲ್ಲ. ಸ್ಪೇನ್ ಮೂಲದ ಸೆಫಾರ್ದಿಗಳ ಹಲವು ಸಭೆಗಳಲ್ಲಿ ಚಿಕ್ಕ ಹುಡುಗರು ಹಫ್ತಾರಾ ಹಾಡುತ್ತಾರೆ. ಯೆಮೆನಿನವರಲ್ಲಿ ಪ್ರತಿ ಹೀಬ್ರೂ ವಾಕ್ಯದ ಬೆನ್ನಿಗೆ ಅದರ ಅರಮಾಯಿಕ್ ಅನುವಾದವನ್ನು ಹುಡುಗನೊಬ್ಬ ಹೇಳುವ ರೂಢಿ ಉಳಿದು ಬಂದಿದೆ. ಇನ್ನೂ ಎಳೆಯ ಮಕ್ಕಳಿಗೂ ಒಂದು ಅಧಿಕಾರವಿದೆ. ಸುರುಳಿಯ ಅಕ್ಷರವೊಂದು ಮಾಸಿ ಇದೋ ಅದೋ ಎಂಬ ಅನುಮಾನ ಬಂದರೆ ಶಾಸ್ತ್ರಚರ್ಚೆಯ ಗ್ರಂಥವಾದ ತಾಲ್ಮುದ್ ಹೇಳುವಂತೆ ಮಗುವೊಂದನ್ನು ಕರೆಯುತ್ತಾರೆ: ಅತಿ ಜಾಣನಾಗಿರಬಾರದು, ದಡ್ಡನೂ ಆಗಿರಬಾರದು. ಜಾಣ ಮಗು ಅರ್ಥ ನೋಡಿ ಅಕ್ಷರ ಊಹಿಸಿಬಿಡುತ್ತದೆ ಎಂಬುದು ಭಯ. ದೊಡ್ಡವರೆಲ್ಲ ಸುತ್ತ ನಿಂತಿರುವಾಗ ಆ ಮಗು ಏನೆಂದು ಓದುತ್ತದೋ ಅದೇ ತೀರ್ಪು.

ಹುಡುಗಿಯರು

1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ಹನ್ನೆರಡು ದಾಟಿದ ಜೂಡಿತ್ ಕಪ್ಲಾನ್ ಸಭೆಯೆದುರು ತೋರಾ ಭಾಗವೊಂದನ್ನು ಓದಿದಳು. ಸುರುಳಿಯಿಂದಲ್ಲ, ಅಚ್ಚಿನ ಪುಸ್ತಕದಿಂದ. ಅಮೆರಿಕದ ಮೊದಲ ಬಾಟ್ ಮಿಟ್ಸ್ವಾ, ಅಂದರೆ ಹುಡುಗಿಯ ಬಾರ್ ಮಿಟ್ಸ್ವಾ, ಎಂದು ಸಾಮಾನ್ಯವಾಗಿ ಗುರುತಿಸುವುದು ಇದನ್ನು. ತಂದೆ ಮೊರ್ದೆಕೈ ಕಪ್ಲಾನ್ ಆ ಸಭೆಯ ರಬ್ಬಿ. ಮಗಳು ಮುಂದೆ ಸಂಗೀತಶಾಸ್ತ್ರಜ್ಞೆಯಾದಳು. ಕನ್ಸರ್ವೇಟಿವ್ ಪಂಥದ ಶಾಸ್ತ್ರಸಮಿತಿ ಹೆಂಗಸರಿಗೆ ಅಲಿಯಾ ಕೊಡಲು 1955ರಲ್ಲಿ, ಮಿನ್ಯಾನಿಗೆ ಎಣಿಸಲು 1973ರಲ್ಲಿ ಅವಕಾಶ ಮಾಡಿತು. ರಿಫಾರ್ಮ್ ಸಭೆಗಳಲ್ಲಿ ಇಂದು ಹುಡುಗ-ಹುಡುಗಿಯರ ಪಾತ್ರಗಳಲ್ಲಿ ಭೇದವಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ ಹುಡುಗಿ ಪ್ರವಚನ ಹೇಳುವುದು, ಹೆಂಗಸರ ಕೂಟದಲ್ಲಿ ಎಸ್ತೇರಳ ಗ್ರಂಥ ಓದುವುದು ಹಲವೆಡೆ ನಡೆದಿದೆ, ಎಲ್ಲೆಡೆ ಅಲ್ಲ.

ಹದಿಮೂರರ ಆಚೆ

ಸಮಾರಂಭ ಮುಗಿದ ಮೇಲೆ ಹುಡುಗರು ಸಿನಗಾಗಿನ ಕಡೆ ತಲೆಹಾಕುವುದಿಲ್ಲ ಎಂಬ ದೂರು ಅಮೆರಿಕದಲ್ಲಿ ಹಳೆಯದು. 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸುಧಾರಕರು ತಂದ 'ಕನ್ಫರ್ಮೇಶನ್' ವಿಧಿ, ಅಮೆರಿಕದ ರಿಫಾರ್ಮ್ ಸಭೆಗಳಿಗೆ ಬಂದು, ಹದಿನೈದು-ಹದಿನಾರರವರೆಗೆ ಪಾಠ ಮುಂದುವರಿಸಿ ಶಾವೂಓತ್ ಹಬ್ಬದಂದು ಮುಗಿಸುವ ಪದ್ಧತಿಯಾಯಿತು.

ಈ ದೂರಿಗೆ 20ನೆಯ ಶತಮಾನ ಕೊಟ್ಟ ಉತ್ತರ ಯುವಸಂಘಗಳು. ಅಲೆಫ್ ಜಾದಿಕ್ ಅಲೆಫ್ ಎಂಬ ಹುಡುಗರ ಸಂಘ 1924ರಲ್ಲಿ ಒಮಾಹಾದಲ್ಲಿ ಶುರುವಾಯಿತು. ಅದು ಯಾವ ಪಂಥಕ್ಕೂ ಸೇರದ್ದು. ರಿಫಾರ್ಮ್ ಪಂಥದ ನಿಫ್ಟಿ 1939ರದು, ಕನ್ಸರ್ವೇಟಿವ್ ಪಂಥದ ಯುನೈಟೆಡ್ ಸಿನಗಾಗ್ ಯೂತ್ 1951ರದು, ಆರ್ಥೊಡಾಕ್ಸರ ಎನ್‌ಸಿಎಸ್‌ವೈ 1954ರದು. ಹುಡುಗರೇ ಚುನಾಯಿಸಿದ ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ ಇವುಗಳ ಜೀವಾಳ. ಬೇಸಿಗೆ ಶಿಬಿರಗಳು ಇದಕ್ಕಿಂತ ಆಳಕ್ಕೆ ಹೋದವು ಎನ್ನಬಹುದು: ವಿಸ್ಕಾನ್ಸಿನ್‌ನಲ್ಲಿ 1947ರಲ್ಲಿ ತೆರೆದ ರಾಮಾ ಶಿಬಿರದ ಮಾದರಿಯಲ್ಲಿ ಹುಡುಗರು ದಿನವೂ ತಾವೇ ಪ್ರಾರ್ಥನೆ ನಡೆಸಿ ಕಲಿಯುತ್ತಾರೆ. ಅಂಗವೈಕಲ್ಯವಿರುವ ಮಕ್ಕಳಿಗಾಗಿ ರಾಮಾ ಶಿಬಿರಗಳಲ್ಲಿ 1970ರಲ್ಲಿ ತಿಕ್ವಾ ಎಂಬ ವಿಭಾಗ ಆರಂಭವಾಯಿತು.

ಸಿನಗಾಗಿನ ವಾರದ ಶಾಲೆಯಲ್ಲಿ ಚಿಕ್ಕವರಿಗೆ ಅಕ್ಷರ ಕಲಿಸುವ 'ಮದ್ರೀಖ್'ಗಳಾಗುವುದು, ಸುಕ್ಕೋತ್ ಹಬ್ಬದ ಚಪ್ಪರ ಹಾಕುವುದು, ಪೂರಿಮ್ ನಾಟಕ ಕಟ್ಟುವುದು, ಶೋಫಾರ್ ಕೊಂಬು ಊದುವುದು, ಶಾವೂಓತ್ ರಾತ್ರಿ ಜಾಗರಣೆಯ ಪಾಠಕ್ಕೆ ಕೂರುವುದು, ಓದಿದ ಸುರುಳಿಯನ್ನು ಸುತ್ತಿ ಬಟ್ಟೆ ತೊಡಿಸುವುದು ಇವೂ ಅವರ ಪಾಲಿನವೇ. ಸುರುಳಿಯನ್ನು ಎತ್ತಿ ಸಭೆಗೆ ತೋರಿಸುವ ಕೆಲಸ ಮಾತ್ರ ತೋಳಿನಲ್ಲಿ ಬಲವಿದ್ದವರಿಗೆ.

ಭಾರತ ಮತ್ತು ಕರ್ನಾಟಕ

ಕೊಂಕಣದ ಯೆಹೂದ್ಯರಾದ ಬೆನೆ ಇಸ್ರೇಲರ ಮೊದಲ ಸಿನಗಾಗಿನ ಕಥೆಯಲ್ಲಿ ಕನ್ನಡನಾಡಿನ ಎಳೆಯೊಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕರು. ಬೆನೆ ಇಸ್ರೇಲರೆಂದು ತಿಳಿದು ಟಿಪ್ಪುವಿನ ತಾಯಿ ಬಿಡಿಸಿದರು ಎಂಬುದು ಸಮುದಾಯದ ನಂಬಿಕೆ. ಬದುಕಿ ಬಂದ ಹರಕೆಗೆ ಅವರು 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್ ಕಟ್ಟಿಸಿದರು. ಮರಾಠಿ ಮಾತನಾಡುತ್ತಿದ್ದ ಈ ಸಮುದಾಯದ ಹುಡುಗರಿಗೆ ಹೀಬ್ರೂ ಓದು ಕಲಿಸಲು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕೊಚ್ಚಿಯಿಂದ ಬೋಧಕರು ಬಂದರು. 1875ರಲ್ಲಿ ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್‌ಕರ್ ತೆರೆದ ಇಸ್ರೇಲೈಟ್ ಶಾಲೆ, ಈಗಿನ ಸರ್ ಎಲಿ ಕದೂರಿ ಶಾಲೆ, ಆ ಕೆಲಸಕ್ಕೆ ನೆಲೆ ಒದಗಿಸಿತು.

1948ರ ನಂತರ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು. ಕೊಚ್ಚಿಯಲ್ಲಿ 1568ರ ಪರದೇಶಿ ಸಿನಗಾಗ್ ಇದ್ದರೂ ಸ್ಥಳೀಯರಿಂದಲೇ ಮಿನ್ಯಾನ್ ತುಂಬುವ ಕಾಲ ಕಳೆದಿದೆ. ಬೆಂಗಳೂರಿನಲ್ಲಿ ಯೆಹೂದ್ಯರ ಗುರುತಾಗಿ ನಿಂತಿರುವುದು ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗದಲ್ಲಿ 1904ರಿಂದ ಇರುವ ಮೈಸೂರು ರಸ್ತೆಯ ಸ್ಮಶಾನ. ಹತ್ತು ಮಂದಿ ಕೂಡದ ಊರಿನ ಹುಡುಗ ಸುರುಳಿಯಿಂದ ಓದಬೇಕಾದರೆ ಮುಂಬಯಿ, ಠಾಣೆ ಅಥವಾ ಪುಣೆಯ ದಾರಿ ಹಿಡಿಯಬೇಕು.