ನೇಮದಿಂದ ಕೃಪೆಗೆ: ಮಿರಜದ ಮಿಶನ್ನು ಮತ್ತು ಪಂಡಿತಾ ರಮಾಬಾಯಿ

ಸಾಂಗಲಿ-ಮಿರಜ ಎಂದೊಡನೆ ಗಡಿಭಾಗದ ಕನ್ನಡಿಗರಾದ ನಮಗೆ ಪಟವರ್ಧನ ಸಂಸ್ಥಾನಿಕರು ನೆನಪಾಗುತ್ತಾರೆ. ಅರಿಸಿಣದ ಪೇಟೆ, ಅಬ್ದುಲ್ ಕರೀಂ ಖಾನರ ಗಾಯನ ನೆನಪಾಗುತ್ತವೆ. ಆದರೆ ಎಲ್ಲಕ್ಕೂ ಮೊದಲು ನೆನಪಾಗುವದು ಮಿಶನ್ ದವಾಖಾನೆ. ಅಥಣಿ, ಚಿಕ್ಕೋಡಿ, ಜತ್ತಗಳ ಕಡೆ ರೋಗಿಯನ್ನು ‘ಮಿರಜಿಗೆ ಒಯ್ಯಬೇಕು’ ಎಂದರೆ ಬೇನೆ ದೊಡ್ಡದೆಂದು ಮನೆಯವರು ತಿಳಿಯುತ್ತಿದ್ದರು. ಆ ದವಾಖಾನೆಯನ್ನು ಕಟ್ಟಿದವರ ಶ್ರದ್ಧೆಯ ತಿರುಳೇನು ಎಂದು ಕೇಳಿದವರು ಮಾತ್ರ ವಿರಳ.

ಕೊಲ್ಹಾಪುರದಲ್ಲಿ 1852ರಲ್ಲಿ ರಾಯಲ್ ವೈಲ್ಡರ್ ಎಂಬ ಪಾದ್ರಿ ಆರಂಭಿಸಿದ ಕಾರ್ಯವು ಮುಂದೆ ಅಮೇರಿಕೆಯ ಪ್ರೆಸ್‌ಬಿಟೇರಿಯನ್ ಮಿಶನ್ನಿಗೆ ಸೇರಿತು. ಆ ಮಿಶನ್ನಿನ ಡಾ. ವಿಲಿಯಂ ವಾನ್‌ಲೆಸ್ಸರು 1889ರಲ್ಲಿ ಸಾಂಗಲಿಗೆ ಬಂದರು. ಮಿರಜದ ದವಾಖಾನೆ 1894ರಲ್ಲಿ ತೆರೆಯಿತು. 1897ರಲ್ಲಿ ವೈದ್ಯಕೀಯ ಶಾಲೆಯೂ ಆಯಿತು. ಪ್ರೆಸ್‌ಬಿಟೇರಿಯನ್ನರು ಲೂಥರ್, ಕ್ಯಾಲ್ವಿನ್ನರ ಪರಂಪರೆಯವರು. ಮನುಷ್ಯನು ತನ್ನ ಪುಣ್ಯಕರ್ಮಗಳ ಬಲದಿಂದ ದೇವರೆದುರು ನಿರ್ದೋಷಿಯಾಗಲಾರನು, ದೇವರು ಕೃಪೆಯಿಂದ ಕೊಡುವದನ್ನು ವಿಶ್ವಾಸದಿಂದ ಪಡೆಯುವದೊಂದೇ ದಾರಿ ಎಂಬುದು ಅವರ ಮೂಲಮತ. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದರೆ ಸಾಕೇ, ಸುನ್ನತಿ ಮೊದಲಾದ ಮೋಶೆಯ ವಿಧಿಗಳನ್ನೂ ಪಾಲಿಸಬೇಕೇ ಎಂಬ ವಾದ ಎದ್ದಾಗ ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಮತವನ್ನೇ ಪ್ರತಿಪಾದಿಸಿದನು. ಕನ್ನಡ ಬೈಬಲ್ಲಿನಲ್ಲಿ ಆ ವಿಧಿಸಂಹಿತೆಗೆ ಬಳಸಿದ ಶಬ್ದ ‘ಧರ್ಮಶಾಸ್ತ್ರ’. ಈ ಶಬ್ದ ಹಿಂದೂ ಓದುಗನ ಕಿವಿಗೆ ಮನು, ಯಾಜ್ಞವಲ್ಕ್ಯರನ್ನೇ ತರುತ್ತದೆ. ಹೀಗೆ ಪಾಲೆಸ್ತೀನಿನ ಹಳೆಯ ಜಗಳವು ನಮ್ಮ ಭಾಷೆಗೆ ಬಂದೊಡನೆ ನಮ್ಮ ಮನೆಯ ಜಗಳವಾಯಿತು.

ಅದು ನಿಜವಾಗಿಯೂ ಮನೆಯ ಜಗಳವಾದದ್ದು ಪಂಡಿತಾ ರಮಾಬಾಯಿಯವರ ಬಾಳಿನಲ್ಲಿ. ಅವರನ್ನು ಮಹಾರಾಷ್ಟ್ರದವರು ತಮ್ಮವರೆನ್ನುತ್ತಾರೆ; ಸರಿಯೇ. ಆದರೆ ಹುಟ್ಟಿದ್ದು 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಅಡವಿಯಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಉಡುಪಿಯಲ್ಲಿ ವಿದ್ವಾಂಸರೆದುರು ನಿಂತು, ಸ್ತ್ರೀಯರು ಕಲಿಯಬಾರದೆಂದು ಶಾಸ್ತ್ರವಿಲ್ಲವೆಂದು ವಾದಿಸಿದ ಧೀರರು. ಇಂಥವರೂ ನೇಮದ ಕಟ್ಟಿನಿಂದ ಬಿಡಿಸಿಕೊಳ್ಳಲಿಲ್ಲ. ಇದ್ದ ಹಣವನ್ನೆಲ್ಲ ತೀರ್ಥಯಾತ್ರೆ, ದಾನ, ವ್ರತಗಳಲ್ಲಿ ಕಳೆದರು. 1870ರ ದಶಕದ ಬರದಲ್ಲಿ ಕುಟುಂಬವು ಎಲೆ ತಿಂದು ದಿನ ಕಳೆಯುವ ಸ್ಥಿತಿಗೆ ಬಂದಾಗಲೂ ದೇವಸ್ಥಾನಗಳಲ್ಲಿ ಜಪ-ಉಪವಾಸ ತಪ್ಪಲಿಲ್ಲ. 1874ರಲ್ಲಿ ತಂದೆ ತೀರಿದರು, ಕೆಲ ಕಾಲದಲ್ಲಿ ತಾಯಿಯೂ ತೀರಿದರು. ತಾಯಿಯ ಹೆಣಕ್ಕೆ ಹೆಗಲು ಕೊಡುವವರು ಸಾಲದೆ, ಎತ್ತರ ಕಡಿಮೆಯಿದ್ದ ಮಗಳು ಚಟ್ಟವನ್ನು ತಲೆಯ ಮೇಲೆ ಹೊತ್ತು ನಡೆದಳು. ಪುಣ್ಯದ ಲೆಕ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಇಟ್ಟ ಮನೆತನಕ್ಕೆ ಸಿಕ್ಕ ಫಲ ಇದು.

1878ರಲ್ಲಿ ಕಲಕತ್ತೆಯ ಪಂಡಿತರು ಅವರಿಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಅಲ್ಲಿಯೇ ಧರ್ಮಶಾಸ್ತ್ರಗಳನ್ನು ಓದುತ್ತ, ಬೇರೆ ನೂರು ವಿಷಯಗಳಲ್ಲಿ ಪರಸ್ಪರ ಒಪ್ಪದ ಗ್ರಂಥಗಳು ಹೆಣ್ಣಿಗೂ ಶೂದ್ರನಿಗೂ ಮೋಕ್ಷದ ನೇರದಾರಿಯಿಲ್ಲವೆಂಬುದರಲ್ಲಿ ಮಾತ್ರ ಒಂದಾಗಿವೆಯೆಂದು ಅವರು ಕಂಡುಕೊಂಡರು. ನಮ್ಮಲ್ಲಿ ಕೃಪೆಯ ವಿಚಾರ ಇರಲಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಶ್ರೀವೈಷ್ಣವರ ಪ್ರಪತ್ತಿ, ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿಕೊಂಡೊಯ್ಯುವ ಮಾರ್ಜಾರನ್ಯಾಯ, ಶರಣರ ಪ್ರಸಾದ, ಮಧ್ವರ ಹರಿಪ್ರಸಾದ ಇವೆಲ್ಲ ಆ ವಿಚಾರವೇ. ಉಡುಪಿಯಂಥ ಕ್ಷೇತ್ರದಿಂದ ಬಹು ದೂರವಿಲ್ಲದ ಮನೆಯ ಹುಡುಗಿಗೆ ಅದರಲ್ಲಿ ಮುಟ್ಟಿದ್ದು ವ್ರತದ ಭಾಗ, ಮುಟ್ಟದೇ ಹೋದದ್ದು ಪ್ರಸಾದದ ಭಾಗ. ನಮ್ಮ ದೃಷ್ಟಿಯಲ್ಲಿ ಇದು ಶಾಸ್ತ್ರಕಾರರಿಗಿಂತ ಅದನ್ನು ಊರೂರಿಗೆ ಹಂಚಿದವರ ಲೋಪ.

1883ರಲ್ಲಿ ಇಂಗ್ಲಂಡಿನ ವಾಂಟೇಜಿನಲ್ಲಿ ಅವರು ಚಿಕ್ಕ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿಯ ಕ್ರೈಸ್ತ ಸನ್ಯಾಸಿನಿಯರು ಪತಿತ ಸ್ತ್ರೀಯರನ್ನು ಆದರದಿಂದ ಸಲಹುವದನ್ನು ಕಂಡು, ಸಮಾರ್ಯದ ಹೆಣ್ಣಿನೊಡನೆ ಯೇಸು ಆಡಿದ ಮಾತನ್ನು ಓದಿ ಅವರ ಮನಸ್ಸು ಒಲಿದಿತ್ತು. ಇಲ್ಲಿಗೆ ಕಥೆ ಮುಗಿಯಿತೆಂದು ಬರೆಯುವವರು ಅರ್ಧವನ್ನೇ ಬರೆಯುತ್ತಾರೆ. ಒಂದು ಶಾಸ್ತ್ರದಿಂದ ಬಿಡಿಸಿಕೊಂಡ ರಮಾಬಾಯಿಯವರಿಗೆ ಇನ್ನೊಂದು ಶಾಸ್ತ್ರ ಕಾದಿತ್ತು: ಚರ್ಚಿನ ಅಧಿಕಾರ, ಒಪ್ಪಲೇಬೇಕಾದ ಮತಸೂತ್ರಗಳು, ಗಂಡಸರಿಗೆ ಪಾಠ ಹೇಳಬಾರದೆಂಬ ಬಿಷಪ್ಪರ ಆಕ್ಷೇಪ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತವೇಕಾಗಬಾರದು ಎಂದು ಅವರು ಕೇಳಿದರು. ಶಾಕಾಹಾರವನ್ನೂ ಬಿಡಲಿಲ್ಲ. ಬಿಳಿಯರ ಮಾತಿಗೆ ಮರುಳಾದಳೆಂದು ಪುಣೆಯಲ್ಲಿ ಆಡಿಕೊಂಡವರು ಈ ಪತ್ರಗಳನ್ನು ಓದಿರಲಾರರು.

1889ರಲ್ಲಿ, ವಾನ್‌ಲೆಸ್ಸರು ಸಾಂಗಲಿಯಲ್ಲಿ ಕಾಲಿಟ್ಟ ವರ್ಷವೇ, ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. 1891ರ ಸುಮಾರಿಗೆ, ಆಂಗ್ಲ ಪಾದ್ರಿ ಹ್ಯಾಸ್ಲಮ್ಮರ ಆತ್ಮಚರಿತ್ರೆಯನ್ನು ಓದುವಾಗ, ತಮಗೆ ಎಂಟು ವರ್ಷಗಳಿಂದ ಕ್ರಿಸ್ತಮತ ಸಿಕ್ಕಿದೆಯೇ ಹೊರತು ಕ್ರಿಸ್ತನು ಸಿಕ್ಕಿಲ್ಲವೆಂಬುದು ಅವರಿಗೆ ಹೊಳೆಯಿತು. ತಾವು ಮಾಡಿದ ಒಳ್ಳೆಯ ಕೆಲಸವೂ ಕೂಡ ದೇವರಿಗೆ ಸಲ್ಲಿಸುವ ಬೆಲೆಯಲ್ಲವೆಂದು ಅವರು ಆಗ ಒಪ್ಪಿಕೊಂಡರು. 1907ರಲ್ಲಿ ಬರೆದ ಆತ್ಮಸಾಕ್ಷ್ಯದಲ್ಲಿ ಈ ಸಂಗತಿಯನ್ನು ಅವರೇ ಹೇಳಿದ್ದಾರೆ.

ಕರ್ಮಕ್ಕೆ ಬೆಲೆಯಿಲ್ಲವೆಂದ ಮೇಲೆ ಕರ್ಮವೇಕೆ ಎಂದು ತಾರ್ಕಿಕರು ಕೇಳಬಹುದು. ಆ ಬಾಯಿಯವರು ಅದರ ನಂತರವೇ 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಹಸಿದ ಹುಡುಗಿಯರನ್ನು ಕರೆತಂದು ಕೇಡಗಾಂವದಲ್ಲಿ ‘ಮುಕ್ತಿ’ಯನ್ನು ಕಟ್ಟಿದರು. ಮೋಕ್ಷ ಗಳಿಸಲೆಂದು ಅವರ ತಂದೆ ದಾನಮಾಡಿ ಬರಿಗೈಯಾದರು. ಅದು ದೊರೆತಾಯಿತೆಂದು ಮಗಳು ದುಡಿದಳು. ಮಿರಜದ ದವಾಖಾನೆಯಲ್ಲಿ ಬಡವರ ಕಣ್ಣಿನ ಪೊರೆ ತೆಗೆಯುವದೂ ಅಲ್ಲಿಯವರ ಮತದಂತೆ ವೃಕ್ಷಕ್ಕೆ ಬಿಟ್ಟ ಫಲವೇ, ವೃಕ್ಷದ ಬೇರಲ್ಲ.

ಮನೋರಮಾಬಾಯಿಯವರು ತಾಯಿಯ ಬಲಗೈಯಾಗಿದ್ದರು. 1912ರ ಹೊತ್ತಿಗೆ ಕಲಬುರ್ಗಿಯಲ್ಲಿ, ಅಂದರೆ ಆಗಿನ ನಿಜಾಮನ ಸೀಮೆಯ ಕನ್ನಡ ನಾಡಿನಲ್ಲಿ, ಹುಡುಗಿಯರ ಶಾಲೆಯನ್ನು ತೆರೆಯುವದಕ್ಕೆ ಅವರೇ ಮುಂದಾದರು. ಆರೋಗ್ಯ ಕುಸಿದಾಗ ಅವರನ್ನು ತಂದದ್ದು ಮಿರಜಿಗೆ. ಅಲ್ಲಿಯೇ 1921ರ ಜುಲೈ ತಿಂಗಳಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ತಾಯಿ ಆಗ ಬೈಬಲ್ಲನ್ನು ಹೀಬ್ರೂ, ಗ್ರೀಕ್ ಮೂಲಗಳಿಂದ ಮರಾಠಿಗೆ ತರುವ ಕೆಲಸದಲ್ಲಿದ್ದರು. ಹಳ್ಳಿಯ ಹೆಂಗಸಿಗೂ ತಿಳಿಯಬೇಕೆಂದು ಪಂಡಿತರ ಸಂಸ್ಕೃತವನ್ನು ಬಿಟ್ಟು ಸಾದಾ ಮಾತನ್ನೇ ಹಿಡಿದಿದ್ದರು. ಮಗಳು ಹೋದ ಮೇಲೂ ಆ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. ಗ್ರಂಥವು 1924ರಲ್ಲಿ ‘ಮುಕ್ತಿ’ಯ ಮುದ್ರಣಾಲಯದಿಂದಲೇ ಹೊರಬಂದಿತು.